ಐದು ಪೀಸ್ ಅಳೆದರೆ ಸಾಕಾ? ಶಾಪ್ ಫ್ಲೋರ್‌ನಲ್ಲಿ ಹೈಪಾಥಿಸಿಸ್ ಟೆಸ್ಟ್ ಮಾಡುವ ಕ್ರಮ

ಶಿವಮೊಗ್ಗದ ಮಷೀನ್ ಶಾಪ್‌ಗಳಲ್ಲಿ ಓಡಾಡುವಾಗ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಐದು ಪೀಸ್ ಅಳೆದಿದೀವಿ ಸಾರ್, ಟೆಸ್ಟ್ ಪಾಸ್." ಹದಿನೈದು ದಿನ ಕಳೆದ ಮೇಲೆ ಅದೇ ಲಾಟ್ ವಾಪಸ್ ಬಂದು ಶೆಡ್ಡಿನ ಮೂಲೆಯಲ್ಲಿ ಕೂತಿರುತ್ತದೆ. ಫಾರ್ಮುಲಾ ತಪ್ಪಿರುವುದಿಲ್ಲ. ಎಕ್ಸೆಲ್ ಶೀಟ್ ಕೂಡ ಸರಿಯಾಗೇ ಇರುತ್ತದೆ. ತಪ್ಪಿರುವುದು ಕೆಲಸದ ಕ್ರಮ. ಮೊದಲು ಅಳೆದು, ಆಮೇಲೆ ಯಾವ ಪ್ರಶ್ನೆ ಕೇಳೋಣ ಅಂತ ಯೋಚಿಸಿರುತ್ತಾರೆ.

ಹೈಪಾಥಿಸಿಸ್ ಟೆಸ್ಟ್ ಅಂದರೆ, ಅಳೆದ ಕೆಲವೇ ಪೀಸ್‌ಗಳಲ್ಲಿ ಕಂಡ ವ್ಯತ್ಯಾಸ ನಿಜವೋ, ಬರೀ ಅದೃಷ್ಟದ ಆಟವೋ ಅಂತ ಲೆಕ್ಕ ಹಾಕಿ ನೋಡುವುದು. ಹಾಗಾಗಿ ಇಲ್ಲಿ ಲೆಕ್ಕದ ಹಂತ ಏಳನೆಯದು. ಅದಕ್ಕಿಂತ ಮುಂಚಿನ ಆರು ಹಂತಗಳನ್ನು ದಾಟಿ ಓದಬೇಡಿ.

ಉದಾಹರಣೆಗೆ ಒಂದೇ ಕೆಲಸ ಇಟ್ಟುಕೊಳ್ಳೋಣ. ಸಿಎನ್‌ಸಿ ಲೇತ್‌ನಲ್ಲಿ ಸ್ಟೀಲ್ ಬುಷ್ ಟರ್ನಿಂಗ್. ಡ್ರಾಯಿಂಗ್‌ನಲ್ಲಿ ಹೊರ ವ್ಯಾಸ 25.000 ಮಿಮೀ, ಟಾಲರೆನ್ಸ್ (ಒಪ್ಪಬಹುದಾದ ಹೆಚ್ಚು-ಕಡಿಮೆ) ±0.050 ಮಿಮೀ. ಹಳೆಯ ರೆಕಾರ್ಡ್ ಪ್ರಕಾರ ಪೀಸಿನಿಂದ ಪೀಸಿಗೆ ಆಗುವ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 0.015 ಮಿಮೀ. ಈಗ ಬೇರೆ ಇನ್ಸರ್ಟ್ (ಲೋಹ ಕತ್ತರಿಸುವ, ಬದಲಾಯಿಸಬಹುದಾದ ತುದಿ) ಹಾಕಿದ್ದೀರಿ. ಅಳತೆ ಮೊದಲಿನಂತೆಯೇ ಬರುತ್ತಿದೆಯಾ ಅಂತ ಗೊತ್ತಾಗಬೇಕು.

## ಬೇಕಾಗುವ ಸಾಮಾನು

0.001 ಮಿಮೀ ಓದುವ ಮೈಕ್ರೋಮೀಟರ್, ಅದನ್ನು ತಾಳೆ ನೋಡಲು 25 ಮಿಮೀ ಸ್ಲಿಪ್ ಗೇಜ್ (ನಿಖರ ಅಳತೆಯ ತುಂಡು), ಒಂದು ನೋಟ್‌ಬುಕ್, ಪೆನ್ನು, ಎಕ್ಸೆಲ್ ಇರುವ ಒಂದು ಕಂಪ್ಯೂಟರ್. ಪೀಸ್‌ಗಳಿಗೆ ನಂಬರ್ ಹಾಕಲು ಒಂದು ಮಾರ್ಕರ್. ಇಷ್ಟೇ ಸಾಕು. ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ.

## ಹಂತ 1: ಪ್ರಶ್ನೆ ಯಾವುದು ಅಂತ ಬರೆಯಿರಿ

"ಕ್ವಾಲಿಟಿ ಚೆನ್ನಾಗಿದೆಯಾ?" ಅನ್ನುವುದಕ್ಕೆ ಯಾವ ಟೆಸ್ಟೂ ಉತ್ತರ ಕೊಡುವುದಿಲ್ಲ. ಆ ಒಂದು ಪ್ರಶ್ನೆಯೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ.

ಈ ಒಂದು ಪೀಸ್ ಟಾಲರೆನ್ಸ್ ಒಳಗಿದೆಯಾ? ಅದಕ್ಕೆ ಗೇಜ್ ಸಾಕು. ಈ ಲಾಟ್ ತೆಗೆದುಕೊಳ್ಳಬಹುದಾ, ಬಿಡಬೇಕಾ? ಅದಕ್ಕೆ ಐಎಸ್ 2500 ಎಂಬ ಭಾರತೀಯ ಮಾನಕದಲ್ಲಿ ಸ್ಯಾಂಪ್ಲಿಂಗ್ ಪ್ಲಾನ್‌ಗಳಿವೆ, ಅವನ್ನು ಬಳಸಿ. ನನ್ನ ಮಷೀನಿನ ಸರಾಸರಿ ಜಾರಿದೆಯಾ, ಎರಡು ಮಷೀನ್ ನಡುವೆ ವ್ಯತ್ಯಾಸ ಇದೆಯಾ, ಹೊಸ ಇನ್ಸರ್ಟ್‌ನಿಂದ ಏನಾದರೂ ಬದಲಾಯಿತಾ? ಹೈಪಾಥಿಸಿಸ್ ಟೆಸ್ಟ್ ಇರುವುದು ಈ ಮೂರನೇ ಗುಂಪಿನ ಪ್ರಶ್ನೆಗೆ.

ನೋಟ್‌ಬುಕ್‌ನಲ್ಲಿ ಹೀಗೆ ಬರೆಯಿರಿ: "ಹೊಸ ಇನ್ಸರ್ಟ್ ಹಾಕಿದ ಮೇಲೆ ಬುಷ್‌ನ ಸರಾಸರಿ ವ್ಯಾಸ 25.000ದಿಂದ ಸರಿದಿದೆಯಾ?" ಕೆಳಗೆ ತಾರೀಖು, ಗಂಟೆ ಹಾಕಿ. ಗಂಟೆ ಯಾಕೆ ಅಂದರೆ, ಅಳತೆ ಶುರುವಾಗುವ ಮೊದಲೇ ಬರೆದದ್ದು ಅನ್ನುವುದಕ್ಕೆ ಅದೇ ಸಾಕ್ಷಿ.

## ಹಂತ 2: ಎರಡು ಹೇಳಿಕೆ, ಎರಡು ಸಂಖ್ಯೆ

ಮೊದಲ ಹೇಳಿಕೆ ನಲ್ ಹೈಪಾಥಿಸಿಸ್: "ಏನೂ ಬದಲಾಗಿಲ್ಲ, ಸರಾಸರಿ 25.000 ಮಿಮೀ." ಎರಡನೆಯದು ಅದಕ್ಕೆ ಎದುರು ನಿಲ್ಲುವ ಆಲ್ಟರ್ನೇಟ್: "ಸರಾಸರಿ 25.000 ಅಲ್ಲ." ಕೋರ್ಟಿನ ಕೆಲಸ ಇದ್ದ ಹಾಗೆ. ಆರೋಪಿ ನಿರಪರಾಧಿ ಅಂತ ಹಿಡಿದೇ ವಿಚಾರಣೆ ಶುರು. ಸಾಕ್ಷಿ ಗಟ್ಟಿಯಾಗಿದ್ದರೆ ಮಾತ್ರ ಶಿಕ್ಷೆ. ಸಾಕ್ಷಿ ಸಾಲದೆ ಬಿಟ್ಟರೆ, ಅವನು ಏನೂ ಮಾಡಿಲ್ಲ ಅಂತ ಸಾಬೀತಾದ ಹಾಗೆ ಅಲ್ಲ, ಅಲ್ವಾ? ಈ ಮಾತು ಹಂತ 8ರಲ್ಲಿ ಮತ್ತೆ ಬೇಕಾಗುತ್ತದೆ.

ಬುಷ್ ದಪ್ಪವಾದರೂ ತೊಂದರೆ, ಸಣ್ಣದಾದರೂ ತೊಂದರೆ. ಆದ್ದರಿಂದ ಎರಡು ಬದಿಯ ಟೆಸ್ಟ್. ಒಂದೇ ದಿಕ್ಕು ಮುಖ್ಯವಾದಲ್ಲಿ ಒಂದು ಬದಿಯದ್ದು ಸಾಕು. ಪ್ಯಾಕೆಟ್ ತೂಕ ಕಡಿಮೆಯಾಗಬಾರದು ಅನ್ನುವ ಹಾಗೆ. ಆದರೆ ಅಳತೆ ನೋಡಿದ ಮೇಲೆ ಬದಿ ಬದಲಾಯಿಸಬೇಡಿ. ಹಾಗೆ ಮಾಡಿದರೆ ಸುಳ್ಳು ಅಲಾರಂ ಹೊಡೆಯುವ ಸಾಧ್ಯತೆ ಇಮ್ಮಡಿಯಾಗುತ್ತದೆ.

ಮೊದಲ ಸಂಖ್ಯೆ ಆಲ್ಫಾ. ಏನೂ ಬದಲಾಗದಿದ್ದಾಗಲೂ "ಬದಲಾಗಿದೆ" ಎಂದು ಕೂಗುವ ಅಪಾಯ ಎಷ್ಟಿದ್ದರೆ ಒಪ್ಪುತ್ತೀರಿ? ರೂಢಿಯಲ್ಲಿ 0.05, ಅಂದರೆ ನೂರಕ್ಕೆ ಐದು. ಮಷೀನ್ ನಿಲ್ಲಿಸಿದರೆ ತುಂಬಾ ನಷ್ಟ ಎನ್ನುವ ಜಾಗದಲ್ಲಿ 0.01 ಇಟ್ಟುಕೊಳ್ಳಬಹುದು.

ಎರಡನೇ ಸಂಖ್ಯೆಯನ್ನು ಹತ್ತರಲ್ಲಿ ಒಂಬತ್ತು ಜನ ಬಿಟ್ಟುಬಿಡುತ್ತಾರೆ. ಎಷ್ಟು ಜಾರಿದರೆ ನಿಮಗೆ ನಿಜವಾಗಿ ನೋವಾಗುತ್ತದೆ? ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ, ಮಾಲೀಕರ ಜೊತೆ ಕೂತು ತೀರ್ಮಾನಿಸಬೇಕು. ನಮ್ಮ ಬುಷ್‌ನ ಸರಾಸರಿ ಸರಿಯಾಗಿ 25.000ದಲ್ಲಿದ್ದರೆ ಹತ್ತು ಸಾವಿರಕ್ಕೆ ಸುಮಾರು 9 ಪೀಸ್ ಟಾಲರೆನ್ಸ್ ಹೊರಗೆ ಹೋಗುತ್ತವೆ. ಸರಾಸರಿ 0.010 ಜಾರಿದರೆ ಅದು ಸುಮಾರು 40 ಆಗುತ್ತದೆ. ನಾಲ್ಕು ಪಟ್ಟಿಗೂ ಜಾಸ್ತಿ. ಹಾಗಾದರೆ 0.010 ಮಿಮೀ ಜಾರಿದರೆ ನಮಗೆ ಗೊತ್ತಾಗಲೇಬೇಕು ಎಂದು ಬರೆದುಕೊಳ್ಳೋಣ.

## ಹಂತ 3: ಎಷ್ಟು ಪೀಸ್?

ಮೇಲಿನ ಸಂಖ್ಯೆ ಇಲ್ಲದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಲೆಕ್ಕ ಸುಲಭ: 2.8ನ್ನು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಗುಣಿಸಿ, ಹಿಡಿಯಬೇಕಾದ ಜಾರಾಟದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ. ಆ 2.8 ಅಂದರೆ 1.96 ಮತ್ತು 0.84 ಕೂಡಿಸಿದ್ದು. ಮೊದಲನೆಯದು ಆಲ್ಫಾ 0.05ಕ್ಕೆ. ಎರಡನೆಯದು, ನಿಜವಾಗಿ ಜಾರಿದ್ದರೆ ನೂರರಲ್ಲಿ 80 ಸಲ ಹಿಡಿಯಬೇಕು ಅನ್ನುವ ಆಸೆಗೆ.

2.8 × 0.015 ÷ 0.010 = 4.2. ವರ್ಗ ಮಾಡಿದರೆ 17.64. ಕನಿಷ್ಠ 18 ಪೀಸ್. ಏರಿಳಿತವನ್ನೂ ಅದೇ ಪೀಸ್‌ಗಳಿಂದ ಅಂದಾಜು ಮಾಡುವುದರಿಂದ ಇನ್ನೂ ಒಂದೆರಡು ಬೇಕು. ನಾನು 25 ಇಟ್ಟುಕೊಳ್ಳುತ್ತೇನೆ. ವರ್ಗಮೂಲ 5, ಲೆಕ್ಕಕ್ಕೂ ಆರಾಮ.

0.005 ಜಾರಿದರೂ ಹಿಡಿಯಬೇಕು ಅಂತ ಹಟ ಹಿಡಿದರೆ 71 ಪೀಸ್ ಬೇಕು. ಅರ್ಧದಷ್ಟು ಸಣ್ಣ ವ್ಯತ್ಯಾಸಕ್ಕೆ ನಾಲ್ಕು ಪಟ್ಟು ಪೀಸ್. ಐದು ಪೀಸ್ ಅಳೆಯುವವರು ಎಷ್ಟು ದೊಡ್ಡ ಜಾರಾಟಕ್ಕೆ ಕಾಯುತ್ತಿದ್ದಾರೆ ಅಂತ ಈಗ ಅಂದಾಜಾಗಿರಬೇಕು.

## ಹಂತ 4: ಮೊದಲು ಮೈಕ್ರೋಮೀಟರ್‌ನ ವಿಚಾರಣೆ

ಇಲ್ಲಿ ಅವಸರ ಬೇಡ. ನಾನು ನೋಡಿದ ತಪ್ಪು ಟೆಸ್ಟ್‌ಗಳಲ್ಲಿ ಹೆಚ್ಚಿನವು ಇಲ್ಲೇ ಹಾಳಾದವು.

ಮೊದಲನೆಯದಾಗಿ, ವರ್ನಿಯರ್ ಬೇಡ. 0.02 ಮಿಮೀ ಓದುವ ವರ್ನಿಯರ್‌ನಲ್ಲಿ 0.010 ಜಾರಾಟ ಹುಡುಕುವುದು ಅಡಿಕೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ.

ಎರಡನೆಯದು, ಒಂದೇ ಬುಷ್ ತೆಗೆದುಕೊಂಡು, ಒಂದೇ ಜಾಗದಲ್ಲಿ ಗುರುತು ಹಾಕಿ, ಹತ್ತು ಸಲ ಅಳೆಯಿರಿ. ಪ್ರತಿ ಸಲ ಮೈಕ್ರೋಮೀಟರ್ ಬಿಚ್ಚಿ ಮತ್ತೆ ಹಾಕಬೇಕು. ಬಂದ ಹತ್ತು ಓದುಗಳ ಸ್ಟ್ಯಾಂಡರ್ಡ್ ಡೀವಿಯೇಷನ್ 0.003 ಬಂದರೆ ಅದು ನಮ್ಮ 0.015ರಲ್ಲಿ ಶೇ. 20. ನಡೆಯುತ್ತದೆ. ಶೇ. 10ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ಶೇ. 30 ದಾಟಿದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಬ್ಬ ಆಪರೇಟರ್ ಕೈಯಲ್ಲೂ ಇದನ್ನೇ ಮಾಡಿಸಿ. ರ‍್ಯಾಚೆಟ್ (ಒತ್ತಡ ಮಿತಿಯಲ್ಲಿಡುವ ತಿರುಪು) ಬಳಸದೆ ತಿಂಬಲ್ (ತಿರುಗಿಸುವ ಹಿಡಿ) ಬಿಗಿದು ಹಿಡಿಯುವ ಕೈ ಇದ್ದರೆ ತಕ್ಷಣ ಗೊತ್ತಾಗುತ್ತದೆ.

ಮೂರನೆಯದು ಬಿಸಿ. ಇದಕ್ಕೆ ನಾನೇ ಬಲಿಯಾಗಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಶಾಪ್‌ನಲ್ಲಿ ಮಷೀನಿಂದ ಇಳಿದ ಪೀಸನ್ನು ಹಾಗೇ ಕೈಗೆತ್ತಿಕೊಂಡು ಅಳೆದು, ಟೆಸ್ಟ್ ಮಾಡಿ, "ಸರಾಸರಿ ಮೇಲೆ ಹೋಗಿದೆ" ಅಂತ ಆಫ್‌ಸೆಟ್ (ಟೂಲ್ ಎಷ್ಟು ಸರಿಯಬೇಕು ಅಂತ ಮಷೀನಿಗೆ ಕೊಡುವ ತಿದ್ದುಪಡಿ) ತಿರುಗಿಸಿದೆ. ಮರುದಿನ ಬೆಳಿಗ್ಗೆ ತಣ್ಣಗಾದ ಪೀಸ್‌ಗಳೆಲ್ಲ ಸಣ್ಣ! ಸ್ಟೀಲ್ ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿಗೆ, ಸುಮಾರು 11.5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ 0.001 ಮಿಮೀ) ಹಿಗ್ಗುತ್ತದೆ. 25 ಮಿಮೀ ಬುಷ್ 50 ಡಿಗ್ರಿಯಲ್ಲಿದ್ದು ಆಮೇಲೆ 25 ಡಿಗ್ರಿಗೆ ಇಳಿದರೆ 7 ಮೈಕ್ರಾನ್ ಕುಗ್ಗುತ್ತದೆ. ನಾವು ಹುಡುಕುತ್ತಿರುವುದೇ 10 ಮೈಕ್ರಾನ್. ಪೀಸ್, ಮೈಕ್ರೋಮೀಟರ್, ಸ್ಲಿಪ್ ಗೇಜ್ ಮೂರನ್ನೂ ಒಂದೇ ಮೇಜಿನ ಮೇಲೆ, ಬಿಸಿಲು ಬೀಳದ ಕಡೆ, ಒಂದೆರಡು ಗಂಟೆ ಜೊತೆಗೇ ಇಡಿ. ಅಂಟಿದ ಕೂಲೆಂಟ್ ಒರೆಸಿ, ಬರ್ (ಅಂಚಿನಲ್ಲಿ ಉಳಿದ ಚೂಪು ಎಳೆ) ತೆಗೆಯಿರಿ. ಆಮೇಲೆ ಅಳೆಯಿರಿ.

## ಹಂತ 5: ಪೀಸ್ ಆರಿಸುವುದು

ಟ್ರೇಯ ಮೇಲಿನ 25 ಎತ್ತಿಕೊಂಡರೆ ಅದು ಸ್ಯಾಂಪಲ್ ಅಲ್ಲ. ಅವೆಲ್ಲ ಒಂದೇ ಅರ್ಧ ಗಂಟೆಯಲ್ಲಿ ಬಂದವು. ಒಂದೇ ಬಾರ್, ಒಂದೇ ಆಪರೇಟರ್, ಇನ್ಸರ್ಟ್ ಕೂಡ ಒಂದೇ ಸ್ಥಿತಿಯಲ್ಲಿ. ಅಣ್ಣ-ತಮ್ಮಂದಿರ ಹಾಗೆ ಒಂದರಂತೆ ಒಂದು ಇರುತ್ತವೆ. ಏರಿಳಿತ ಕಡಿಮೆ ಕಾಣುತ್ತದೆ, ಟೆಸ್ಟ್ ಸುಮ್ನೆ ಕೂಗುತ್ತದೆ.

8 ಗಂಟೆಯ ಶಿಫ್ಟ್‌ನಲ್ಲಿ 20 ನಿಮಿಷಕ್ಕೊಂದು ಪೀಸ್ ತೆಗೆಯಿರಿ. ಶುರುವಿನದ್ದೂ ಸೇರಿ ಸರಿಯಾಗಿ 25 ಆಗುತ್ತದೆ. ಮಾರ್ಕರ್‌ನಲ್ಲಿ ನಂಬರ್ ಹಾಕಿ. ಆ ಗಂಟೆಗೆ ಸರಿಯಾಗಿ ಯಾವ ಪೀಸ್ ಬಂತೋ ಅದೇ. "ಇದು ಚೆನ್ನಾಗಿಲ್ಲ, ಮುಂದಿನದು ತಗೊಳ್ಳೋಣ" ಅನ್ನುವುದು ಬೇಡ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಆ ಹೊತ್ತನ್ನೂ ಬರೆದಿಡಿ. ತಣ್ಣಗಾದ ಮಷೀನ್ ಮತ್ತೆ ಕಾವಿಗೆ ಬರುವ ತನಕ ಅಳತೆ ಬೇರೆಯೇ ಬರಬಹುದು.

## ಹಂತ 6: ಲೆಕ್ಕಕ್ಕೆ ಮುಂಚೆ ಚಿತ್ರ

25 ಓದುಗಳನ್ನು ಬಂದ ಕ್ರಮದಲ್ಲೇ ಗ್ರಾಫ್ ಮಾಡಿ. ಹೆಚ್ಚೆಂದರೆ ಎರಡು ನಿಮಿಷದ ಕೆಲಸ.

ಚುಕ್ಕಿಗಳು ಮೇಲೆ ಕೆಳಗೆ ಚೆಲ್ಲಾಡಿದ ಹಾಗಿದ್ದರೆ ಮುಂದೆ ಹೋಗಿ. ಮೆಲ್ಲಗೆ ಏಣಿ ಹತ್ತಿದ ಹಾಗೆ ಮೇಲೇರುತ್ತಿದ್ದರೆ ನಿಲ್ಲಿಸಿ: ಇನ್ಸರ್ಟ್ ಸವೆಯುತ್ತಿದೆ, ಅದಕ್ಕೇ ವ್ಯಾಸ ಹೆಚ್ಚುತ್ತಿದೆ. ಓಡುತ್ತಿರುವ ಬಸ್ ಎಲ್ಲಿ ನಿಂತಿದೆ ಅಂತ ಕೇಳಿದರೆ ಏನು ಹೇಳುವುದು? ಅಲ್ಲಿ ಟಿ-ಟೆಸ್ಟ್ (ಹಂತ 7ರಲ್ಲಿ ಮಾಡುವ ಸರಾಸರಿಯ ಲೆಕ್ಕ) ಬೇಡ. ಎಷ್ಟು ಪೀಸಿಗೊಮ್ಮೆ ಆಫ್‌ಸೆಟ್ ಕೊಡಬೇಕು ಅನ್ನುವುದನ್ನು ಮೊದಲು ಸರಿಮಾಡಿ. ಊಟದ ಹೊತ್ತಿನ ಆಚೆ ಈಚೆ ಎರಡು ಗುಂಪಾಗಿದ್ದರೆ ಆಗ ಏನು ಬದಲಾಯಿತು ಅಂತ ವಿಚಾರಿಸಿ.

ಒಂದೇ ಒಂದು ಚುಕ್ಕಿ ತುಂಬಾ ದೂರ ಹೋಗಿದ್ದರೆ ಅಳಿಸಬೇಡಿ. ಆ ಪೀಸ್ ಎತ್ತಿಕೊಂಡು ಮತ್ತೆ ಅಳೆಯಿರಿ. ಬರೆಯುವಾಗ ತಪ್ಪಾಗಿದ್ದರೆ ತಿದ್ದಿ, ಕಾರಣವನ್ನೂ ಬರೆಯಿರಿ. ಅಳತೆ ನಿಜವೇ ಆಗಿದ್ದರೆ ಅದು ಉಳಿಯಬೇಕು. ನಂಬರ್ ಹಾಕಿದ್ದು ಯಾಕೆ ಅಂತ ಈಗ ಗೊತ್ತಾಗುತ್ತದೆ.

## ಹಂತ 7: ಲೆಕ್ಕ

ನಮ್ಮ 25 ಪೀಸ್‌ಗಳ ಸರಾಸರಿ 25.008 ಮಿಮೀ, ಸ್ಟ್ಯಾಂಡರ್ಡ್ ಡೀವಿಯೇಷನ್ 0.015 ಬಂತು ಎಂದುಕೊಳ್ಳಿ. ಎಕ್ಸೆಲ್‌ನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ ಎರಡು ಫಂಕ್ಷನ್ ಇವೆ. ಕೊನೆಯಲ್ಲಿ "ಎಸ್" ಇರುವುದು ಸ್ಯಾಂಪಲ್‌ಗೆ, "ಪಿ" ಇರುವುದು ಇಡೀ ಗುಂಪಿಗೆ. ನಮಗೆ "ಎಸ್" ಬೇಕು.

ಸರಾಸರಿಯ ಅಲುಗಾಟ = 0.015 ÷ √25 = 0.003.

ಟಿ = (25.008 − 25.000) ÷ 0.003 = 2.67.

ಡಿಗ್ರಿ ಆಫ್ ಫ್ರೀಡಂ (ಪೀಸ್‌ಗಳ ಸಂಖ್ಯೆಗಿಂತ ಒಂದು ಕಡಿಮೆ) 24. ಆಲ್ಫಾ 0.05, ಎರಡು ಬದಿಗೆ ಟೇಬಲ್‌ನಲ್ಲಿರುವ ಗಡಿ 2.064. ನಮ್ಮ 2.67 ಅದನ್ನು ದಾಟಿದೆ. ಪಿ-ವ್ಯಾಲ್ಯೂ ಸುಮಾರು 0.013. ನಲ್ ಬಿದ್ದುಹೋಯಿತು.

ಇಷ್ಟಕ್ಕೇ ಎದ್ದು ಹೋಗಬೇಡಿ. ಇನ್ನೊಂದು ಸಾಲು: 2.064 × 0.003 = 0.006. ಅಂದರೆ ನಿಜವಾದ ಸರಾಸರಿ 25.002ರಿಂದ 25.014ರ ನಡುವೆ ಎಲ್ಲೋ ಇದೆ ಎಂದು ಶೇ. 95 ಭರವಸೆಯಲ್ಲಿ ಹೇಳಬಹುದು. ನನ್ನನ್ನು ಕೇಳಿದರೆ ಪಿ-ವ್ಯಾಲ್ಯೂಗಿಂತ ಈ ಸಾಲೇ ಹೆಚ್ಚು ಉಪಯೋಗ. ಎಷ್ಟು ಜಾರಿದೆ ಅನ್ನುವುದನ್ನು ಮಿಲಿಮೀಟರ್‌ನಲ್ಲೇ ಹೇಳುತ್ತದೆ, ಮಾಲೀಕರಿಗೂ ಅರ್ಥವಾಗುತ್ತದೆ.

## ಹಂತ 8: ಉತ್ತರ ಓದುವುದು

ಪಿ-ವ್ಯಾಲ್ಯೂ 0.013 ಅಂದರೆ "ಮಷೀನ್ ಸರಿ ಇರುವ ಸಾಧ್ಯತೆ ಶೇ. 1.3" ಅಂತ ಅಲ್ಲ. ಮಷೀನ್ ಸರಿಯಾಗಿ 25.000ದಲ್ಲೇ ಇದ್ದಿದ್ದರೆ, ಇಷ್ಟು ಅಥವಾ ಇದಕ್ಕಿಂತ ದೂರದ ಸರಾಸರಿ ಬರೀ ಅದೃಷ್ಟದಿಂದ ಬರುವುದು ಸಾವಿರಕ್ಕೆ ಸುಮಾರು 13 ಸಲ ಮಾತ್ರ. ಇಷ್ಟೇ ಅದರ ಅರ್ಥ.

ಈಗ ಆ ಐದು ಪೀಸ್‌ನ ಕಥೆ ನೋಡಿ. ಅದೇ ಮಷೀನ್, ಅದೇ ಸರಾಸರಿ 25.008, ಅದೇ 0.015. ಪೀಸ್ ಮಾತ್ರ ಐದು. ಟಿ = 0.008 ÷ 0.0067 = 1.19. ಗಡಿ 2.776. "ಪಾಸ್!" ಜಾರಾಟ ಎಲ್ಲೂ ಹೋಗಿಲ್ಲ ಮಾರಾಯ್ರೆ, ನೋಡುವ ಕಣ್ಣು ಮಂಜಾಗಿದೆ ಅಷ್ಟೇ. ಐದು ಪೀಸ್‌ನ ಅಂದಾಜು 24.989ರಿಂದ 25.027ರ ತನಕ ಹರಡಿಕೊಂಡಿದೆ. ಸರಿ ಇದೆ ಅನ್ನಲೂ ಆಗುವುದಿಲ್ಲ, ತಪ್ಪಿದೆ ಅನ್ನಲೂ ಆಗುವುದಿಲ್ಲ. ರಿಪೋರ್ಟ್‌ನಲ್ಲಿ "ಪಾಸ್" ಎಂದು ಬರೆಯಬೇಡಿ. "ಜಾರಿದೆ ಎನ್ನಲು ಸಾಕ್ಷಿ ಸಾಲದು" ಎಂದು ಬರೆಯಿರಿ, ಪಕ್ಕದಲ್ಲಿ ಅಂದಾಜಿನ ಎರಡು ಗಡಿಗಳನ್ನೂ (24.989, 25.027) ಹಾಕಿ.

ಇದರ ಉಲ್ಟಾ ತಪ್ಪೂ ಇದೆ. ಸಾವಿರಾರು ಪೀಸ್ ಅಳೆಯುವ ಆಟೋಮ್ಯಾಟಿಕ್ ಗೇಜ್ ಇದ್ದರೆ ಒಂದು ಮೈಕ್ರಾನ್ ಜಾರಿದರೂ ಪಿ-ವ್ಯಾಲ್ಯೂ ಸೊನ್ನೆಗೆ ಹತ್ತಿರ ಬರುತ್ತದೆ. ಅದಕ್ಕೆಲ್ಲ ಮಷೀನ್ ನಿಲ್ಲಿಸಬೇಡಿ. ಹಂತ 2ರಲ್ಲಿ ಬರೆದ 0.010 ಜೊತೆ ಹೋಲಿಸಿ.

ನಮ್ಮ ಬುಷ್‌ಗೆ ಬಂದರೆ, ಜಾರಾಟ 0.014 ತನಕ ಇರಬಹುದು, 0.010 ಅದರೊಳಗೇ ಇದೆ. 0.008ರಲ್ಲೇ ಹತ್ತು ಸಾವಿರಕ್ಕೆ ಸುಮಾರು 26 ಪೀಸ್ ಹೊರಗೆ ಬೀಳುತ್ತವೆ. ಸರಿಮಾಡಲೇಬೇಕು.

## ಹಂತ 9: ಸರಿಮಾಡಿ, ಹೊಸದಾಗಿ ಅಳೆಯಿರಿ

ಆಫ್‌ಸೆಟ್ ಕೊಡುವ ಮುಂಚೆ ನಿಮ್ಮ ಮಷೀನ್ ಆ ಸಂಖ್ಯೆಯನ್ನು ವ್ಯಾಸವಾಗಿ ಓದುತ್ತದಾ, ತ್ರಿಜ್ಯವಾಗಿ ಓದುತ್ತದಾ ನೋಡಿಕೊಳ್ಳಿ. ತ್ರಿಜ್ಯ ಓದುವ ಮಷೀನಿಗೆ 0.008 ಕೊಟ್ಟರೆ 0.016 ಇಳಿಯುತ್ತದೆ. ಪ್ಲಸ್ ಮೈನಸ್ ಕೂಡ ಎರಡು ಸಲ ನೋಡಿ.

ಆಮೇಲೆ ಹೊಸ 25 ಪೀಸ್. ಹಳೆಯ ಓದುಗಳನ್ನು ಇದಕ್ಕೆ ಸೇರಿಸುವಂತಿಲ್ಲ. "ಇನ್ನೈದು ಅಳೆದು ನೋಡೋಣ, ಇನ್ನೈದು ನೋಡೋಣ" ಅಂತ ಬೇಕಾದ ಉತ್ತರ ಬರುವ ತನಕ ಎಳೆಯುವುದೂ ಕೂಡದು. ಪ್ರತಿ ಸಲ ಇಣುಕಿದಾಗಲೂ ಸುಳ್ಳು ಅಲಾರಂನ ಅಪಾಯ ನೀವು ಒಪ್ಪಿದ ನೂರಕ್ಕೆ ಐದನ್ನು ದಾಟಿ ಮೇಲೇರುತ್ತದೆ.

## ಪ್ರಶ್ನೆ ಬೇರೆಯಾದರೆ

ನಿಮ್ಮ ಮೈಕ್ರೋಮೀಟರ್ ಒಂದು ಹೇಳುತ್ತದೆ, ಕಸ್ಟಮರ್‌ದು ಇನ್ನೊಂದು ಹೇಳುತ್ತದೆ. ಆಗ ಅದೇ ಹತ್ತು ಪೀಸ್‌ಗಳನ್ನು ಎರಡೂ ಕಡೆ ಅಳೆದು, ಪೀಸಿಗೊಂದರಂತೆ ವ್ಯತ್ಯಾಸ ತೆಗೆಯಿರಿ. ಸರಾಸರಿ ವ್ಯತ್ಯಾಸ 0.004, ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ 0.003 ಆದರೆ ಟಿ 4.2, ಗಡಿ 2.262. ಗೇಜ್‌ಗಳೇ ಜಗಳವಾಡುತ್ತಿವೆ, ಬುಷ್‌ನ ತಪ್ಪಲ್ಲ. ಇದು ಜೋಡಿ ಟಿ-ಟೆಸ್ಟ್. ಇಲ್ಲಿ ಎರಡು ಬೇರೆ ಗುಂಪಿನ ಟೆಸ್ಟ್ ಹಾಕಿದರೆ ಪೀಸ್‌ಗಳ ಏರಿಳಿತದಲ್ಲಿ ಈ 0.004 ಮುಳುಗಿಹೋಗುತ್ತದೆ. ಎರಡು ಲೇತ್‌ಗಳನ್ನು ಹೋಲಿಸುವುದಾದರೆ ಪೀಸ್‌ಗಳೇ ಬೇರೆ ಬೇರೆ, ಅಲ್ಲಿ ಎರಡು ಗುಂಪಿನ ಟೆಸ್ಟ್ ಸರಿ. ಎಕ್ಸೆಲ್‌ನಲ್ಲಿ ಏರಿಳಿತ ಸಮ ಇಲ್ಲ ಅನ್ನುವ ಆಯ್ಕೆಯನ್ನೇ ಒತ್ತಿ.

ಫೌಂಡ್ರಿಯವರ ಲೆಕ್ಕ ಅಳತೆಯದ್ದಲ್ಲ, ಎಣಿಕೆಯದ್ದು. ಮರಳಿನ ತೇವ ನೋಡಿಕೊಳ್ಳುವ ಹೊಸ ಪದ್ಧತಿ ತಂದಿರಿ. ಮೊದಲು 400 ಕ್ಯಾಸ್ಟಿಂಗ್‌ನಲ್ಲಿ 32ಕ್ಕೆ ಬ್ಲೋ ಹೋಲ್ (ಗಾಳಿ ಸಿಕ್ಕಿ ಆದ ತೂತು), ಆಮೇಲೆ 400ರಲ್ಲಿ 18ಕ್ಕೆ ಎಂದುಕೊಳ್ಳಿ. ಎರಡೂ ಸೇರಿಸಿದರೆ 800ರಲ್ಲಿ 50, ಅಂದರೆ 0.0625. ಅಲುಗಾಟ = √(0.0625 × 0.9375 × 2 ÷ 400) = 0.0171. ವ್ಯತ್ಯಾಸ 0.035ನ್ನು ಅದರಿಂದ ಭಾಗಿಸಿದರೆ ಝಡ್ (ಎಣಿಕೆಯ ಲೆಕ್ಕದಲ್ಲಿ ಟಿ ಜಾಗಕ್ಕೆ ಬರುವ ಸಂಖ್ಯೆ) 2.05. ಗಡಿ 1.96. ಸ್ವಲ್ಪದರಲ್ಲಿ ದಾಟಿದೆ.

ಆದರೆ ಆ "ಮೊದಲು" ಜುಲೈ ತಿಂಗಳಾಗಿದ್ದು, "ಆಮೇಲೆ" ನವೆಂಬರ್ ಆಗಿದ್ದರೆ? ಮಲೆನಾಡಿನ ಜುಲೈನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮರಳು ಒಣಗುತ್ತದಾ? ಬ್ಲೋ ಹೋಲ್ ಕಡಿಮೆ ಮಾಡಿದ್ದು ನಿಮ್ಮ ಹೊಸ ಪದ್ಧತಿಯೋ, ನಿಂತ ಮಳೆಯೋ ಅಂತ ಟೆಸ್ಟ್ ಹೇಳಲಾರದು. ಒಂದೇ ದಿನ, ಒಂದೇ ಹೀಟ್‌ನ (ಒಂದು ಸಲ ಕರಗಿಸಿದ) ಲೋಹವನ್ನು ಅರ್ಧ ಹಳೆ ಪದ್ಧತಿಯ ಮೋಲ್ಡ್‌ಗೆ, ಅರ್ಧ ಹೊಸ ಪದ್ಧತಿಯ ಮೋಲ್ಡ್‌ಗೆ ಹೊಯ್ಯಿರಿ. ಹೀಗೆ ಹಲವು ದಿನ ನಡೆಸಿ. ಒಂದೇ ದಿನದಲ್ಲಿ 400 ಮುಗಿಸಿದರೆ ಕೆಟ್ಟ ಹೀಟ್ ಒಂದೇ ಇಡೀ ಫಲಿತಾಂಶವನ್ನು ಕೆಡಿಸಬಹುದು.

## ಅಪಾಯದ ಗುರುತುಗಳು

ಎಲ್ಲ ಓದುಗಳೂ 5ರಲ್ಲೋ 0ಯಲ್ಲೋ ಮುಗಿಯುತ್ತಿದ್ದರೆ ಯಾರೋ ಕಣ್ಣಂದಾಜಿನಲ್ಲಿ ಬರೆಯುತ್ತಿದ್ದಾರೆ. ಆ ಶೀಟ್ ಪಕ್ಕಕ್ಕಿಡಿ.

ಟಾಲರೆನ್ಸ್ ಗಡಿಯ ಒಳಗೆ ಚುಕ್ಕಿಗಳು ಕಿಕ್ಕಿರಿದು, ಗಡಿ ದಾಟಿದ ಕೂಡಲೇ ಒಂದೂ ಇಲ್ಲದಿದ್ದರೆ, ಹೊರಗಿನವನ್ನು ಯಾರೋ ಮೊದಲೇ ಆರಿಸಿ ತೆಗೆದಿದ್ದಾರೆ. ಬೈಯಬೇಡಿ, ಕೇಳಿ. ಬೈದರೆ ಮುಂದಿನ ಸಲ ಇನ್ನೂ ಜಾಣತನದಿಂದ ತೆಗೆಯುತ್ತಾರೆ.

ಒಂದು ಪೀಸಿನ ಹತ್ತು ಬೇರೆ ಬೇರೆ ಅಳತೆಗಳಿಗೆ (ಉದ್ದ, ವ್ಯಾಸ, ಹೀಗೆ) ಹತ್ತು ಟೆಸ್ಟ್ ಮಾಡಿ, ಒಂದು ಮಾತ್ರ ಕೂಗಿದರೆ ಹಾರಿ ಬೀಳಬೇಡಿ. ಎಲ್ಲವೂ ಸರಿ ಇದ್ದಾಗಲೂ, ಅಳತೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲದಿದ್ದರೆ, ಹತ್ತರಲ್ಲಿ ಒಂದಾದರೂ ಸುಳ್ಳೇ ಕೂಗುವ ಸಾಧ್ಯತೆ ಶೇ. 40. ಆ ಒಂದು ಅಳತೆಗೆ ಮಾತ್ರ ಹೊಸ ಪೀಸ್ ತೆಗೆದು ಮತ್ತೆ ಟೆಸ್ಟ್ ಮಾಡಿ.

ಪಿ-ವ್ಯಾಲ್ಯೂ 0.049 ಬಂದಾಗ ಕುಣಿದು, 0.051 ಬಂದಾಗ ಸುಮ್ಮನಾಗುವ ಶಾಪ್ ಆಗಿದ್ದರೆ, ರಿಪೋರ್ಟ್ ಫಾರ್ಮ್‌ನಿಂದ ಆ ಕಾಲಂ ತೆಗೆದು ಸರಾಸರಿಯ ಎರಡು ಗಡಿಗಳ ಕಾಲಂ ಹಾಕಿ. ಅದರ ಪಕ್ಕದಲ್ಲಿ ಪೀಸ್‌ಗಳ ಸಂಖ್ಯೆ, ಅಳೆದವರ ಸಹಿ, ಮತ್ತೆ ಪೀಸ್ ಎಷ್ಟು ಹೊತ್ತು ತಣ್ಣಗಾಯಿತು ಅನ್ನುವುದಕ್ಕೂ ಒಂದು ಜಾಗ ಬಿಡಿ.